ಏರಿದ್ದನ್ನು ಮಾರಿ ಇಳಿದದ್ದನ್ನು ಉಳಿಸಿಕೊಂಡವರು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸಲಹೆಗೆ ಬಂದವರು 41 ವರ್ಷದ ಮಹಿಳೆ. ಸಾರಿಗೆ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಕೆಲವು ವರ್ಷಗಳಿಂದ ಷೇರುಗಳಲ್ಲಿ ಹಣ ಹಾಕುತ್ತಿದ್ದರು. ಮಗಳ ಓದಿಗೆ, ಆಮೇಲೆ ತಮ್ಮ ನಿವೃತ್ತಿಗೆ ಎಂಬುದು ಲೆಕ್ಕಾಚಾರ. ಆದರೆ ಕೆಲಸದ ನಡುವೆ ಮತ್ತೆ ಮತ್ತೆ ಫೋನ್ ತೆಗೆದು ಬೆಲೆ ನೋಡುವುದು ಅಭ್ಯಾಸವಾಗಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗಂಡನ ಜೊತೆ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಯುತ್ತಿತ್ತು.

"ಒಳ್ಳೆ ಷೇರು ಆರಿಸೋದು ಹೇಗೆ ಅಂತ ಹೇಳಿಕೊಡಿ ಮೇಡಂ, ಅಷ್ಟು ಸಾಕು" ಎಂದು ಕೂತ ತಕ್ಷಣ ಕೇಳಿದರು.

ಅವರ ಬಳಿ 31 ಕಂಪನಿಗಳ ಷೇರುಗಳಿದ್ದವು. ಪ್ರತಿಯೊಂದರ ಮುಂದೆ ‘ಯಾಕೆ ಕೊಂಡೆ’ ಎಂದು ಒಂದು ಸಾಲು ಬರೆಯಲು ಹೇಳಿದೆ. ಬಹುಪಾಲು ಉತ್ತರಗಳು ಹೀಗಿದ್ದವು: ಸಹೋದ್ಯೋಗಿ ಹೇಳಿದರು, ವಿಡಿಯೊದಲ್ಲಿ ನೋಡಿದೆ, ಜೋರಾಗಿ ಏರುತ್ತಿತ್ತು. ಆ ಕಂಪನಿ ಏನು ಮಾಡುತ್ತದೆ ಎಂಬುದು ಹೆಚ್ಚಿನ ಸಾಲುಗಳಲ್ಲಿ ಇರಲೇ ಇಲ್ಲ.

ಮಾರಿದ ಷೇರುಗಳ ಪಟ್ಟಿಯೂ ತರಿಸಿಕೊಂಡೆ. ಮಾರಿದ್ದೆಲ್ಲ ಹೆಚ್ಚುಕಮ್ಮಿ ಲಾಭದಲ್ಲಿದ್ದವು. ಕೈಯಲ್ಲಿ ಉಳಿದವುಗಳಲ್ಲಿ ಮುಕ್ಕಾಲು ಪಾಲು ನಷ್ಟದಲ್ಲಿದ್ದವು. ಸ್ವಲ್ಪ ಏರಿದ ಕೂಡಲೇ ಲಾಭ ಕೈತಪ್ಪೀತು ಎಂಬ ಭಯಕ್ಕೆ ಮಾರುವುದು, ಇಳಿದದ್ದನ್ನು ‘ಕೊಂಡ ಬೆಲೆಗೆ ಬರಲಿ, ಆಮೇಲೆ ಮಾರೋಣ’ ಎಂದು ಇಟ್ಟುಕೊಳ್ಳುವುದು. ಇದು ಅವರೊಬ್ಬರ ದೌರ್ಬಲ್ಯವಲ್ಲ. ಹರ್ಶ್ ಶೆಫ್ರಿನ್ ಮತ್ತು ಮೀರ್ ಸ್ಟ್ಯಾಟ್‌ಮನ್ ಎಂಬ ಇಬ್ಬರು ವಿದ್ವಾಂಸರು 1985ರಲ್ಲೇ ಈ ನಡವಳಿಕೆಯನ್ನು ಗುರುತಿಸಿ, ಅದಕ್ಕೆ ‘ಡಿಸ್ಪೊಸಿಷನ್ ಎಫೆಕ್ಟ್’ ಎಂದು ಹೆಸರಿಟ್ಟರು. ಇದನ್ನು ಕೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ನನ್ನಂಥವರು ಬೇಕಾದಷ್ಟು ಜನ ಇದ್ದಾರೆ ಎಂದು ಗೊತ್ತಾದರೆ ತಮ್ಮ ಲೆಕ್ಕವನ್ನು ತಾವೇ ನೋಡುವ ಧೈರ್ಯ ಬರುತ್ತದೆ.

ಷೇರು ಆರಿಸುವ ಮಾತಿಗೆ ನಾನು ಕೂಡಲೇ ಹೋಗಲಿಲ್ಲ. ಮೊದಲು ಈ ಹಣ ಯಾವಾಗ ಬೇಕು ಎಂದು ಕೇಳಿದೆ. ಮಗಳು ಕಾಲೇಜು ಸೇರಲು ಎರಡೇ ವರ್ಷ ಬಾಕಿ. ಜಾಸ್ತಿ ಬಡ್ಡಿಯ ವೈಯಕ್ತಿಕ ಸಾಲವೂ ಒಂದಿತ್ತು. ತುರ್ತು ಖರ್ಚಿಗೆಂದು ಬೇರೆ ಹಣ ಇರಲಿಲ್ಲ. ಪೇಟೆ ಅರ್ಧಕ್ಕೆ ಇಳಿದರೆ ಮೊದಲಿನ ಜಾಗಕ್ಕೆ ಬರಲು ಅದು ಎರಡರಷ್ಟಾಗಬೇಕು. ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಯಾರೂ ಹೇಳಲಾರರು. ಜಪಾನಿನ ಷೇರುಪೇಟೆಯ ನಿಕ್ಕೈ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ದಾಟಿದ್ದು 2024ರಲ್ಲಿ. ಹಾಗಾಗಿ ಮಗಳ ಓದಿನ ಹಣ ಷೇರಿನಲ್ಲಿ ಇರಲೇಬಾರದು ಎಂದೆ. ಸಾಲ ತೀರಿಸಿ, ಆರು ತಿಂಗಳ ಖರ್ಚನ್ನು ಪಕ್ಕಕ್ಕೆ ಇಡಿ ಎಂದೆ. ಇಷ್ಟು ಮಾಡಿದ ಮೇಲೆ ಅವರ ನಿದ್ದೆ ಅರ್ಧ ಸರಿಹೋಯಿತು. ಆಗಿನ್ನೂ ನಾವು ಒಂದು ಕಂಪನಿಯ ಹೆಸರನ್ನೂ ಚರ್ಚಿಸಿರಲಿಲ್ಲ. ಇಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ: ಷೇರಿನಿಂದ ಬರುವ ಆತಂಕದ ಬೇರು ಬಹಳ ಸಲ ತಪ್ಪು ಹಣವನ್ನು ಅಲ್ಲಿ ಹಾಕಿರುವುದರಲ್ಲೇ ಇರುತ್ತದೆ.

ನಂತರ ಆರಿಸುವ ಕೆಲಸ. ಕಂಪನಿ ಏನು ಮಾರುತ್ತದೆ, ದುಡ್ಡು ಕೊಡುವವರು ಯಾರು, ಗಿರಾಕಿ ಪಕ್ಕದ ಕಂಪನಿಗೆ ಯಾಕೆ ಹೋಗುವುದಿಲ್ಲ, ಹತ್ತು ವರ್ಷದಲ್ಲಿ ಈ ವ್ಯವಹಾರವನ್ನು ಏನು ಕೆಡಿಸಬಹುದು. ಈ ನಾಲ್ಕಕ್ಕೂ ಪುಸ್ತಕ ನೋಡದೆ ಉತ್ತರಿಸಲು ಆಗದ ಕಂಪನಿಯನ್ನು ಬಿಟ್ಟುಬಿಡಿ ಎಂದೆ. ಅದು ಕೆಟ್ಟ ಕಂಪನಿ ಎಂದಲ್ಲ, ಬೆಲೆ ಇಳಿದಾಗ ಅದನ್ನು ಹಿಡಿದುಕೊಳ್ಳುವ ಧೈರ್ಯ ನಿಮಗೆ ಇರುವುದಿಲ್ಲ ಎಂದು.

ಅಂಕಿಗಳ ವಿಷಯಕ್ಕೆ ಬಂದಾಗ ಅವರೇ ನನಗಿಂತ ಮುಂದಿದ್ದರು. ಇಡೀ ದಿನ ಬಿಲ್ಲು, ಬಾಕಿ, ವಸೂಲಿ ನೋಡುವವರು. "ನಿಮ್ಮ ಆಫೀಸಿನಲ್ಲಿ ಬಿಲ್ ಹಾಕಿದ ತಕ್ಷಣ ದುಡ್ಡು ಬಂತು ಅಂತ ಬರೀತೀರಾ?" ಎಂದು ಕೇಳಿದೆ. "ಬಿಲ್ಲೇ ಬೇರೆ, ದುಡ್ಡೇ ಬೇರೆ ಅಲ್ವಾ" ಎಂದರು. ಹಾಗಾದರೆ ಕಂಪನಿಯ ವಾರ್ಷಿಕ ವರದಿಯಲ್ಲೂ ಅದನ್ನೇ ನೋಡಿ ಎಂದೆ. ಐದರಿಂದ ಹತ್ತು ವರ್ಷದ ನಿವ್ವಳ ಲಾಭವನ್ನು ಕೂಡಿಸಿ. ಅಷ್ಟೇ ವರ್ಷದಲ್ಲಿ ವ್ಯವಹಾರದಿಂದ ಬಂದ ನಗದನ್ನೂ ಕೂಡಿಸಿ. ನಗದು ತೀರಾ ಹಿಂದೆ ಬಿದ್ದಿದ್ದರೆ ಲಾಭ ಕಾಗದದ ಮೇಲಷ್ಟೇ ಇರಬಹುದು. ಮಾರಾಟಕ್ಕಿಂತ ಗಿರಾಕಿಗಳ ಬಾಕಿ ಜೋರಾಗಿ ಬೆಳೆಯುತ್ತಿದ್ದರೆ ಅದೂ ಎಚ್ಚರಿಕೆಯೇ. ಬ್ಯಾಂಕುಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅವುಗಳ ವ್ಯವಹಾರವೇ ಬೇರೆ ಬಗೆಯದು.

ಮುಂದಿನ ಸಲ ಬಂದಾಗ ಅವರ ಕೈಯಲ್ಲಿ ಒಂದು ಹಾಳೆ ಇತ್ತು. ಅವರಿಗೆ ತುಂಬ ಇಷ್ಟವಾದ ಕಂಪನಿಯೊಂದು, ಪ್ರತಿ ವರ್ಷ ಲಾಭ ತೋರಿಸುತ್ತಿತ್ತು. ಆರು ವರ್ಷದ ಲೆಕ್ಕ ಕೂಡಿಸಿದರೆ ವ್ಯವಹಾರದಿಂದ ಬಂದ ನಗದು ಆ ಲಾಭದ ಮೂರನೇ ಒಂದು ಪಾಲೂ ಇರಲಿಲ್ಲ. ಆ ಕೊರತೆಯನ್ನು ಕಂಪನಿ ಸಾಲ ಮಾಡಿ, ಹೊಸ ಷೇರು ಮಾರಿ ತುಂಬಿಸಿಕೊಂಡಿತ್ತು. ಇದನ್ನು ಯಾರೂ ತೋರಿಸಿಕೊಡದೆ ಈ ಮಹಿಳೆ ತಾವೇ ಕಂಡುಕೊಂಡಿದ್ದರು. ನನಗೆ ನಿಜಕ್ಕೂ ಖುಷಿಯಾಯಿತು. ಆ ದಿನದಿಂದ ವಿಡಿಯೊಗಳ ಮಾತನ್ನು ಅವರು ತೆಗೆಯಲೇ ಇಲ್ಲ.

ಸಾಲದ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ಬಡ್ಡಿ ಕಟ್ಟುವುದಕ್ಕೇ ಗಳಿಕೆಯ ಅರ್ಧ ಹೋಗುವ ಕಂಪನಿಗೆ ಒಂದು ಕೆಟ್ಟ ವರ್ಷ ಬಂದರೆ ಸಾಕು. ಆಡಳಿತ ನಡೆಸುವವರ ಬಗ್ಗೆಯೂ ಅಷ್ಟೇ: ತಮ್ಮದೇ ಬೇರೆ ಕಂಪನಿಗಳ ಜೊತೆ ವ್ಯವಹಾರ ಜಾಸ್ತಿ ಇದ್ದರೆ, ಲೆಕ್ಕ ಪರಿಶೋಧಕರು ಅರ್ಧಕ್ಕೇ ಬಿಟ್ಟು ಹೋದರೆ, ದೂರ ಇರಿ ಎಂದೆ.

ಬೆಲೆಯ ವಿಷಯದಲ್ಲಿ ಮಾತ್ರ ಗುದ್ದಾಟ ನಡೆಯಿತು. "ಒಳ್ಳೆ ಕಂಪನಿ ಅಂದ ಮೇಲೆ ಯಾವ ಬೆಲೆಗಾದರೂ ಕೊಳ್ಳಬಹುದಲ್ವಾ, ಹೇಗೂ ಹತ್ತು ವರ್ಷ ಇಡ್ತೀನಿ" ಎನ್ನುವುದು ಅವರ ವಾದ. ಒಂದು ಲೆಕ್ಕ ಮಾಡಿಸಿದೆ. ಪಿಇ ಎಂದರೆ ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ. ಪಿಇ 50 ಇರುವ ಷೇರು ಕೊಂಡರೆ, ಕೊಟ್ಟ ಪ್ರತಿ 100ಕ್ಕೆ ವರ್ಷದ ಲಾಭದಲ್ಲಿ ನಿಮ್ಮ ಪಾಲು 2. ಆ ಲಾಭ ವರ್ಷಕ್ಕೆ ಶೇಕಡಾ 15ರಂತೆ ಬೆಳೆದರೆ ಐದು ವರ್ಷಕ್ಕೆ ಎರಡರಷ್ಟಾಗುತ್ತದೆ. ಅಷ್ಟರಲ್ಲಿ ಪೇಟೆಯ ಉತ್ಸಾಹ ತಣಿದು ಪಿಇ 25ಕ್ಕೆ ಬಂದರೆ ಷೇರಿನ ಬೆಲೆ ಇದ್ದಲ್ಲೇ ಇರುತ್ತದೆ. ಕಂಪನಿ ಚೆನ್ನಾಗಿ ದುಡಿದರೂ ಲಾಭಾಂಶ ಬಿಟ್ಟರೆ ನಿಮಗೆ ಏನೂ ಸಿಗುವುದಿಲ್ಲ. ಕಂಪ್ಯೂಟರ್ ಜಾಲದ ಉಪಕರಣ ಮಾಡುವ ಅಮೆರಿಕದ ಸಿಸ್ಕೊ ಕಂಪನಿಯ ಉದಾಹರಣೆ ಕೊಟ್ಟೆ. 2000ದ ಮಾರ್ಚ್‌ನಲ್ಲಿ ಅದರ ಷೇರು ಶಿಖರ ಮುಟ್ಟಿತು. ನಂತರದ ಎರಡು ದಶಕದಲ್ಲಿ ಮಾರಾಟ ಎರಡು ಪಟ್ಟಿಗಿಂತಲೂ, ಲಾಭ ಮೂರು ಪಟ್ಟಿಗಿಂತಲೂ ಹೆಚ್ಚಾದವು, ಆದರೆ ಅಷ್ಟು ಕಾಲವೂ ಷೇರು ಆ ಬೆಲೆಗೆ ಮರಳಲಿಲ್ಲ. ಹಾಗಂತ ಕಡಿಮೆ ಪಿಇ ಎಲ್ಲವೂ ಅಗ್ಗವಲ್ಲ. ಉಕ್ಕು, ಹಡಗು ಸಾಗಣೆಯಂಥ ಏರಿಳಿತದ ಉದ್ಯಮಗಳಲ್ಲಿ ಲಾಭ ತುತ್ತತುದಿಯಲ್ಲಿದ್ದಾಗಲೇ ಪಿಇ ತೀರಾ ಕಡಿಮೆ ಕಾಣುತ್ತದೆ. ಅದಕ್ಕೆ ಒಂದು ವರ್ಷದ ಲಾಭ ಬಿಟ್ಟು ಹಲವು ವರ್ಷದ ಸರಾಸರಿ ಹಿಡಿಯಿರಿ ಎಂದೆ.

ಒಂದೇ ಕಂಪನಿಗೆ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಹಾಕಬೇಡಿ ಎಂದಿದ್ದಕ್ಕೆ ಅವರು ಒಪ್ಪಿದರು. 2001ರಲ್ಲಿ ಅಮೆರಿಕದ ಎನ್ರಾನ್ ದಿವಾಳಿಯಾದಾಗ ಅಲ್ಲಿನ ನೌಕರರು ಕೆಲಸವನ್ನೂ ಕಳೆದುಕೊಂಡರು, ಅದೇ ಕಂಪನಿಯ ಷೇರಿನಲ್ಲಿದ್ದ ನಿವೃತ್ತಿಯ ಉಳಿತಾಯವನ್ನೂ ಕಳೆದುಕೊಂಡರು. ನಮ್ಮ ಈ ಮಹಿಳೆಯ ಸಂಬಳ ಸಾರಿಗೆ ಉದ್ಯಮದಿಂದಲೇ ಬರುವುದರಿಂದ ಸಾರಿಗೆ ಷೇರುಗಳು ಕಡಿಮೆ ಇರಲಿ ಎಂದೂ ಸೇರಿಸಿದೆ.

ಮಾರುವ ನಿಯಮವನ್ನು ಕೊಳ್ಳುವ ದಿನವೇ ಬರೆದಿಡಲು ಹೇಳಿದೆ. ಬೆಲೆ ಎಷ್ಟು ಇಳಿದಿದೆ ಎಂಬುದು ಅಲ್ಲಿ ಬರಬಾರದು. ಕೊಳ್ಳಲು ಬರೆದ ಕಾರಣ ಸುಳ್ಳಾದರೆ ಮಾರುವುದು, ಉಳಿದರೆ ಸುಮ್ನೆ ಕೂರುವುದು. ‘ನಾನು ಕೊಂಡ ಬೆಲೆ’ ಎಂಬ ಕಾಲಂ ಅನ್ನು ಅವರ ಹಾಳೆಯಿಂದಲೇ ಅಳಿಸಿಸಿದೆ. ಆ ಬೆಲೆ ಕಂಪನಿಗೆ ಗೊತ್ತಿಲ್ಲ. ತೆರಿಗೆ ಲೆಕ್ಕಕ್ಕೆ ಬೇಕಾದರೆ ಬೇರೆ ಕಡೆ ಇರಲಿ.

ಇಷ್ಟೆಲ್ಲ ಓದಲು ಎಲ್ಲರಿಗೂ ಸಮಯ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ನಿವೃತ್ತಿ ಹಣದ ದೊಡ್ಡ ಪಾಲು ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳಲ್ಲೂ ಹಣ ಹಾಕುವ ಕಡಿಮೆ ಖರ್ಚಿನ ಇಂಡೆಕ್ಸ್ ಫಂಡ್‌ಗೆ ಹೋಗಲಿ, ಉಳಿದದ್ದರಲ್ಲಿ ಮಾತ್ರ ನೀವೇ ಆರಿಸಿ ಎಂದು ಒತ್ತಿ ಹೇಳಿದೆ. ಈ ಮಾತು ಅವರ ಗಂಡನಿಗೂ ಹಿಡಿಸಿತು. ಅವರನ್ನೂ ಒಂದು ಭೇಟಿಗೆ ಕರೆಸಿದ್ದೆ. ಹಣ ಹೋಗುತ್ತಿದೆ ಎಂಬುದಕ್ಕಿಂತ ತನಗೆ ಏನೂ ಹೇಳುತ್ತಿಲ್ಲ ಎಂಬುದೇ ಅವರ ಬೇಸರವಾಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಇಬ್ಬರೂ ಕೂತು ಹಾಳೆ ನೋಡುತ್ತಾರೆ.

31ರಲ್ಲಿ 11 ಕಂಪನಿಗಳು ಉಳಿದಿವೆ. ಫೋನ್ ನೋಡುವುದು ಪೂರ್ತಿ ನಿಂತಿಲ್ಲ. ಪೇಟೆ ಜೋರಾಗಿ ಬಿದ್ದ ದಿನ ಈಗಲೂ ಕೈ ಹೋಗುತ್ತದಂತೆ. ಉಳಿದ 11ರಲ್ಲಿ ಒಂದರ ಬೆಲೆ ತೀರಾ ಜಾಸ್ತಿ ಎಂದು ನನ್ನ ಅಭಿಪ್ರಾಯ. ಅವರಿಗೆ ಹಾಗೆ ಅನ್ನಿಸಿಲ್ಲ. ಬರೆದ ಕಾರಣ ಗಟ್ಟಿಯಾಗಿದೆ, ಪಾಲೂ ಮಿತಿಯೊಳಗಿದೆ. ಹೊಸದಾಗಿ ಸೇರಿಸದೆ, ಮುಂದಿನ ವಾರ್ಷಿಕ ವರದಿ ಬರುವವರೆಗೆ ಇಟ್ಟುಕೊಳ್ಳಿ ಎಂದಿದ್ದೇನೆ.