ಪ್ಯಾಂಗಾಂಗ್ ಸರೋವರಕ್ಕೆ ಬರೋದು ಹಿಮ ಕರಗಿದ ನೀರು ಅಲ್ವಾ, ಮತ್ತೆ ಉಪ್ಪು ಯಾಕೆ?

ಬಂದ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ, ಅದಕ್ಕೆ.

ನಮ್ಮ ಕನ್ನಂಬಾಡಿ ಕಟ್ಟೆಯನ್ನೇ ನೋಡಿ. ಕಾವೇರಿ ಒಂದು ಕಡೆ ಬರುತ್ತಾಳೆ, ಇನ್ನೊಂದು ಕಡೆ ನಾಲೆ ಹಿಡಿದು ಮಂಡ್ಯದ ಗದ್ದೆಗೆ, ಹೊಳೆ ಹಿಡಿದು ಮುಂದಕ್ಕೆ ಹೋಗುತ್ತಾಳೆ. ನೀರಲ್ಲಿದ್ದ ಉಪ್ಪೂ ಜೊತೆಗೇ ಹೋಗುತ್ತದೆ. ಲಡಾಖಿನ ಪ್ಯಾಂಗಾಂಗ್ ಹಾಗಲ್ಲ, ಸುತ್ತ ಬೆಟ್ಟ. ತೊರೆಗಳು ಬಂಡೆಯಿಂದ ಕರಗಿಸಿ ತರುವ ಉಪ್ಪು ನಾಲಿಗೆಗೆ ಗೊತ್ತೇ ಆಗದಷ್ಟು. ಆದರೆ ಬಿಸಿಲು, ಒಣಗಾಳಿಗೆ ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷದಿಂದ ಹೀಗೇ. ಸಾರನ್ನು ಒಲೆ ಮೇಲೆ ಮರೆತರೆ ಉಪ್ಪಾಗುತ್ತದಲ್ಲ, ಅದೇ ಕಥೆ.

ಹಾಗಂತ ಸಮುದ್ರದಷ್ಟು ಉಪ್ಪಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಸುಮಾರು 134 ಕಿ.ಮೀ. ಉದ್ದದ ಈ ಸರೋವರದ ಪೂರ್ವದ ತುದಿ ಟಿಬೆಟ್‌ನಲ್ಲಿದೆ, ಅಲ್ಲಿ ನೀರು ಸಿಹಿ. ನಾವು ನೋಡುವ ಪಶ್ಚಿಮದ ತುದಿಯೇ ಉಪ್ಪು.

ನೀಲಿ ಬಣ್ಣ ನೋಡೋಕೆ ಹೋಗುವುದಾದರೆ ಒಂದು ಮಾತು. ಎತ್ತರ 4,200 ಮೀಟರ್ ದಾಟುತ್ತದೆ, ಹತ್ತಿರ ಹತ್ತಿರ ಚಾಮುಂಡಿ ಬೆಟ್ಟದ ನಾಲ್ಕರಷ್ಟು. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಕೂತು, ಮೈ ಒಗ್ಗಿದ ಮೇಲೆ ಹೊರಡಿ.