ನೀವು ಕೇಳಿದಿರಿ: ಎಸ್ಸೆಸ್ಸೆಲ್ಸಿ ಓದು ಮತ್ತು ಬರಹ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಬುರಗಿ, ಬೀದರ್, ಯಾದಗಿರಿ ಕಡೆಯವು. ಹತ್ತನೇ ತರಗತಿಗೆ ಪಾಠ ಮಾಡುವ, ಉತ್ತರ ಪತ್ರಿಕೆ ತಿದ್ದುವ ಶಿಕ್ಷಕರ ಬಳಗ ಉತ್ತರಿಸಿದೆ.

ದಿನಾ ನಾಕು ತಾಸು ಓದ್ತೀನ್ರಿ. ಓದೋವಾಗ ಎಲ್ಲಾ ತಿಳೀತದ. ಪೂರ್ವಸಿದ್ಧತಾ ಪರೀಕ್ಷೆದಾಗ ಕುಂತ್ರ ಒಂದೂ ನೆನಪಾಗವಲ್ದು. ಏನ್ ಮಾಡ್ಬೇಕ್ರಿ?
— ವಿದ್ಯಾರ್ಥಿ, ಆಳಂದ ತಾಲ್ಲೂಕು

ಪುಸ್ತಕ ಕಣ್ಣೆದುರು ಇದ್ದಾಗ ಎಲ್ಲ ಗೊತ್ತಿದ್ದಂತೆಯೇ ಇರುತ್ತದೆ, ತಮ್ಮಾ. ಪರೀಕ್ಷೆಯಲ್ಲಿ ಪುಸ್ತಕ ಇರುವುದಿಲ್ಲ. ಹಾಗಾಗಿ ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವ ಕೆಲಸವನ್ನು ಮನೆಯಲ್ಲೇ ಮಾಡಬೇಕು. ನಾಲ್ಕು ತಾಸಿನಲ್ಲಿ ಎರಡು ತಾಸು ಓದು, ಎರಡು ತಾಸು ಬರೆ.

ಎರಡು-ಮೂರು ಪುಟ ಓದಿ ಪುಸ್ತಕ ಮುಚ್ಚು. ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸು. ಸುರಪುರದ ವೆಂಕಟಪ್ಪ ನಾಯಕನ ಪ್ರತಿರೋಧವನ್ನೇ ತಗೋ. ನಮ್ಮ ಕಡೆಯ ಹುಡುಗರಿಗೆ ಹೆಸರು ಗೊತ್ತು, ಊರು ಗೊತ್ತು. ಸಂಸ್ಥಾನದ ಆಡಳಿತದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಯಾಕೆ ಬಂದ, ಬ್ರಿಟಿಷರಿಗೆ ನಾಯಕನ ಮೇಲೆ ಅನುಮಾನ ಯಾಕೆ ಹುಟ್ಟಿತು ಅಂದರೆ ಪೆನ್ನು ನಿಲ್ಲುತ್ತದೆ. ಹಾಳೆಯಲ್ಲಿ ಕೆಂಪಾಗುವುದು ಹೆಚ್ಚಾಗಿ ಈ ‘ಯಾಕೆ’ಗಳೇ. ಮರುದಿನ, ಮೂರನೇ ದಿನ, ವಾರದ ಮೇಲೆ, ಮೂರು ವಾರದ ಮೇಲೆ ಕೆಂಪು ಭಾಗವನ್ನಷ್ಟೇ ಪುಸ್ತಕ ನೋಡದೆ ಮತ್ತೆ ಬರೆ. ಮೊದಲ ವಾರ ಬೇಸರ ಬರುತ್ತದೆ, ಯಾಕೆಂದರೆ ಹಾಳೆ ತುಂಬುವುದಿಲ್ಲ. ಬಿಡಬೇಡ.

ತೊಗರಿ ರಾಶಿಯ ದಿನಗಳಲ್ಲಿ ಶಾಲೆ ತಪ್ಪಿಸಿದ್ದೇನೆ ಎಂದೂ ಬರೆದಿದ್ದೀ. ಆ ದಿನಗಳ ಪಾಠ ಯಾವುವು ಎಂದು ಗೆಳೆಯನ ನೋಟ್ಸ್ ನೋಡಿ ಮೊದಲು ಪಟ್ಟಿ ಮಾಡು, ಅಲ್ಲಿಂದಲೇ ಶುರು ಮಾಡು.

ಗಣಿತದಾಗ ಉತ್ತರ ಸರಿ ಬಂದ್ರೂ ಅಂಕ ಕಡಿತಾರ. ಯಾಕ್ರಿ?
— ವಿದ್ಯಾರ್ಥಿನಿ, ಹುಮನಾಬಾದ್

ಗಣಿತದಲ್ಲಿ ಅಂಕ ಹಂತಕ್ಕೆ ಇರುತ್ತದೆ, ಕೊನೆಯ ಉತ್ತರಕ್ಕೆ ಸಿಗುವುದು ಸ್ವಲ್ಪವೇ. ಹೆಚ್ಚು ಅಂಕ ಸೋರುವುದು ನಕ್ಷೆಯ ಲೆಕ್ಕದಲ್ಲಿ, ಪ್ರಮೇಯದಲ್ಲಿ.

2ಎಕ್ಸ್ + ವೈ = 6 ಮತ್ತು 2ಎಕ್ಸ್ − ವೈ = 2, ಇವನ್ನು ನಕ್ಷೆಯ ಮೂಲಕ ಬಿಡಿಸು ಎಂದಿದೆ ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ವೈ = 6 − 2ಎಕ್ಸ್ ಎಂದು ಬರೆದು ಕೋಷ್ಟಕ ಹಾಕಿ: ಎಕ್ಸ್ 0 ಆದರೆ ವೈ 6, 1 ಆದರೆ 4, 3 ಆದರೆ 0. ಎರಡನೆಯದು ವೈ = 2ಎಕ್ಸ್ − 2: ಎಕ್ಸ್ 0 ಆದರೆ ವೈ −2, 1 ಆದರೆ 0, 3 ಆದರೆ 4. ರೇಖೆ ಎಳೆಯಲು ಎರಡು ಬಿಂದು ಸಾಕು ಎಂದು ಬಹಳ ಮಕ್ಕಳು ಅಲ್ಲಿಗೇ ನಿಲ್ಲುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ರೇಖೆ ನೇರವಾಗಿಯೇ ಕಾಣುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಮೂರನೇ ಬಿಂದು ಸಾಲಿಗೆ ಬರದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. −2ನ್ನು ಅಕ್ಷದ ಮೇಲ್ಗಡೆ ಗುರುತಿಸುವುದು ಇನ್ನೊಂದು ಮಾಮೂಲಿ ತಪ್ಪು. ‘1 ಸೆಂ.ಮೀ. = 1 ಮಾನ’ ಎಂದು ಮೂಲೆಯಲ್ಲಿ ಬರೆಯಿರಿ, ಎರಡೂ ಅಕ್ಷಗಳಿಗೆ ಹೆಸರು ಕೊಡಿ, ಪೆನ್ಸಿಲಿನಲ್ಲೇ ಎಳೆಯಿರಿ. ರೇಖೆಗಳು (2, 2)ರಲ್ಲಿ ಕೂಡುತ್ತವೆ. ಅದನ್ನು ನಕ್ಷೆಯಲ್ಲಿ ತೋರಿಸಿ ಸುಮ್ಮನಾಗಬೇಡಿ; ಕೆಳಗೆ ‘ಎಕ್ಸ್ = 2, ವೈ = 2’ ಎಂದು ಬರೆಯಿರಿ. ಸಮೀಕರಣದಲ್ಲಿ ಹಾಕಿ ನೋಡಿ: 4 + 2 = 6, 4 − 2 = 2. ಅರ್ಧ ನಿಮಿಷದ ಕೆಲಸ.

ಪ್ರಮೇಯಕ್ಕೆ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ, ಇದೇ ಕ್ರಮ. ಸಾಧನೆ ಪೂರ್ತಿ ಬರದಿದ್ದರೂ ಮೊದಲ ನಾಲ್ಕನ್ನು ಖಾಲಿ ಬಿಡಬೇಡಿ. ಥೇಲ್ಸ್ ಪ್ರಮೇಯದಲ್ಲಿ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎಂಬುದು) ಲಂಬ ಎಳೆಯುವುದನ್ನು ಮರೆತು ನೇರ ವಿಸ್ತೀರ್ಣಕ್ಕೆ ಹೋಗುತ್ತಾರೆ. ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎನ್ನುತ್ತಾರೆ, ‘ಒಂದೇ ಪಾದ, ಅದೇ ಸಮಾಂತರ ರೇಖೆಗಳ ನಡುವೆ’ ಎಂಬ ಕಾರಣ ಬರೆಯುವುದಿಲ್ಲ. ಇಡೀ ಪ್ರಮೇಯ ನಿಂತಿರುವುದೇ ಆ ಸಾಲಿನ ಮೇಲೆ. ಬಾಯಿಪಾಠ ಮಾಡಿದವರ ಹಾಳೆಯಲ್ಲಿ ಮೊದಲು ಜಾರುವುದೂ ಅದೇ.

ವಾಟ್ಸಾಪ್‌ನಾಗ ಬಂದ ಪಾಸಿಂಗ್ ಪ್ಯಾಕೇಜ್ ಒಂದೇ ಓದಿದ್ರ ಸಾಕಲ್ರಿ? ಗೈಡಿಗೆ ರೊಕ್ಕ ಯಾಕ?
— ವಿದ್ಯಾರ್ಥಿ, ಶಹಾಪುರ

ಗೈಡಿಗೆ ರೊಕ್ಕ ಬೇಡ, ಒಪ್ಪಿದೆವು. ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಕೂಡಿಸಿದ ಪ್ಯಾಕೇಜ್ ಒಂದೇ ಸಾಲದು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಅದರಲ್ಲಿನ ಸಿದ್ಧ ಉತ್ತರ ಕೈಕೊಡುತ್ತದೆ. ಪಠ್ಯಪುಸ್ತಕ ಒಂದು ಸಲ ಮುಗಿಸಿದವರಿಗೆ ಕೊನೆಯ ವಾರ ತಿರುವಿ ಹಾಕಲು ಅದು ಚಲೋ.

ಬೇಕಾದ್ದೆಲ್ಲ ಪುಕ್ಕಟೆ ಇದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ, ಪರೀಕ್ಷೆ ಮುಗಿದ ಮೇಲೆ ಮಾದರಿ ಉತ್ತರಗಳೂ ಬರುತ್ತವೆ. ಮೊಬೈಲ್ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ (ಊರಿನ ಗ್ರಂಥಾಲಯ) ಶಾಲೆಯಲ್ಲೋ ಕೇಳಿ. ಪಾಠದ ಪಕ್ಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ತೆರೆದರೆ ವಿಡಿಯೊ ಸಿಗುತ್ತದೆ.

ಹಳೆಯ ಪತ್ರಿಕೆಯನ್ನು ಬರೀ ಓದುವುದು ವ್ಯರ್ಥ. ಗಡಿಯಾರ ಇಟ್ಟು ಪೂರ್ತಿ ಬರೆಯಿರಿ, ಪ್ರಶ್ನೆ ಓದಲು ಕೊಡುವ 15 ನಿಮಿಷವೂ ಸೇರಿ. ಬರೆದದ್ದನ್ನು ಮಾದರಿ ಉತ್ತರದ ಪಕ್ಕ ಇಟ್ಟು, ಯಾವ ಅಂಶಕ್ಕೆ ಅರ್ಧ, ಯಾವುದಕ್ಕೆ ಒಂದು ಅಂಕ ಎಂದು ನೋಡಿ ನೀವೇ ತಿದ್ದಿಕೊಳ್ಳಿ. ವಿಜ್ಞಾನದಲ್ಲಿ ಇದರ ಲಾಭ ಬೇಗ ಗೊತ್ತಾಗುತ್ತದೆ: ರಶ್ಮಿ ಚಿತ್ರದಲ್ಲಿ ಬಾಣದ ಗುರುತು ಇಲ್ಲ, ಸಮೀಕರಣ ಸರಿದೂಗಿಸಿಲ್ಲ, ಹೃದಯದ ಚಿತ್ರ ಚೆಂದ ಆದರೆ ಭಾಗಗಳ ಹೆಸರಿಲ್ಲ. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಜಿಲ್ಲೆ ಫಲಿತಾಂಶದಲ್ಲಿ ಕೊನೆಗೆ ನಿಂತದ್ದು ಎಲ್ಲರಿಗೂ ಗೊತ್ತು. ಪರೀಕ್ಷೆಯ ಕೋಣೆಯಲ್ಲಿ ಈಗ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇರುತ್ತದೆ. ನಕಲು ಚೀಟಿಯನ್ನು ನಂಬಿ ಕುಳಿತರೆ ಉಳಿಗಾಲವಿಲ್ಲ.

ನಮ್ದು ಉರ್ದು ಮಾಧ್ಯಮ. ಕನ್ನಡ ಮಾತಾಡ್ತೀನಿ, ಬರೆಯೋದ್ರಾಗ ತಪ್ಪು ಬಹಳ.
— ವಿದ್ಯಾರ್ಥಿನಿ, ಬಸವಕಲ್ಯಾಣ

ಒತ್ತಕ್ಷರ ಮತ್ತು ದೀರ್ಘ, ನಿಮ್ಮ ಹೆಚ್ಚಿನ ತಪ್ಪು ಇವೆರಡರಲ್ಲೇ ಇರುತ್ತದೆ. ದಿನಾ ಪಾಠದ ಹತ್ತು ಸಾಲು ನೋಡಿ ಬರೆಯಿರಿ, ಅದೇ ಹತ್ತು ಸಾಲನ್ನು ಕನ್ನಡ ಬಲ್ಲ ಗೆಳತಿಯಿಂದ ಓದಿಸಿ ಉಕ್ತಲೇಖನ ಮಾಡಿ. ತಪ್ಪಿದ ಪದಗಳಿಗೇ ಒಂದು ನೋಟ್‌ಬುಕ್ ಇಡಿ. ಪತ್ರಲೇಖನದ ಚೌಕಟ್ಟನ್ನು (ಇಂದ, ಗೆ, ದಿನಾಂಕ, ವಿಷಯ, ಒಡಲು, ಸಹಿ) ಕೈ ತಾನಾಗಿ ಬರೆಯುವಷ್ಟು ರೂಢಿ ಮಾಡಿಕೊಳ್ಳಿ.

ಮಗ ಒಂದೇ ವಿಷಯದಾಗ ಫೇಲ್ ಆಗ್ಯಾನ. ಕೆಲ್ಸಕ್ಕ ಪುಣೆಗೆ ಹೋಗ್ತೀನಿ ಅಂತಾನ. ಒಂದು ವರ್ಷ ಹೋತೇನ್ರಿ?
— ತಂದೆ, ಚಿಂಚೋಳಿ

ಇಲ್ಲ ಯಜಮಾನ್ರೇ, ವರ್ಷ ಹೋಗಿಲ್ಲ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ-1ರಲ್ಲಿ ಉಳಿದ ವಿಷಯ ಒಂದನ್ನೇ ಪರೀಕ್ಷೆ-2ರಲ್ಲಿ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅವನನ್ನು ಈಗಲೇ ಪುಣೆಗೆ ಕಳಿಸಬೇಡಿ. ಫಲಿತಾಂಶ ಬಂದ ಮೇಲೆ ಅರ್ಜಿಗೆ ಇರುವ ದಿನಗಳು ಕಡಿಮೆ.

ಒಂದೆರಡು ಅಂಕದಲ್ಲಿ ಹೋಗಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದನ್ನು ಆ ವಿಷಯದ ಮಾಸ್ತರಿಗೆ ತೋರಿಸಿ: ಯಾವ ಉತ್ತರವಾದರೂ ತಿದ್ದದೆ ಬಿಟ್ಟಿದ್ದಾರೆಯೇ, ಕೂಡಿಸಿದ್ದು ಸರಿ ಇದೆಯೇ? ಹಾಗೇನಾದರೂ ತಪ್ಪು ಸಿಕ್ಕರೆ ಮಾತ್ರ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ರೊಕ್ಕ ಕಟ್ಟಿ. ಅದರ ಫಲಿತಾಂಶಕ್ಕೆ ಕಾಯುತ್ತ ಕೂಡದೆ ಪರೀಕ್ಷೆ-2ಕ್ಕೂ ಹೆಸರು ನೋಂದಾಯಿಸಿ. ಎರಡಕ್ಕೂ ಮಗನ ನೋಂದಣಿ ಸಂಖ್ಯೆ ಬೇಕು. ಪ್ರವೇಶಪತ್ರ ಕಳೆದಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ.