ಬರೆದವರ ಹೆಸರಿಲ್ಲದ ನಾಟಕ

ಕಳೆದ ಸಂಚಿಕೆಯ ರಂಗಲೇಖನವನ್ನು ಓದಿ ಕುಂದಾಪುರದ ನಿವೃತ್ತ ಅಧ್ಯಾಪಕರೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಉಡುಪಿಯ ಯುವ ತಂಡವೊಂದು ದಡದಿಂದ ಹಲವರು ಸೇರಿ ಎಳೆಯುವ ರಂಪಣಿ ಮೀನುಬಲೆಯ ಕಾಲವನ್ನು ಕುರಿತು ಕಟ್ಟಿದ ನಾಟಕವನ್ನು ಅವರು ಎರಡು ಸಲ ನೋಡಿದ್ದಾರೆ. ಕರಪತ್ರದಲ್ಲಿ ನಾಟಕಕಾರರ ಹೆಸರಿಲ್ಲ. ಎರಡನೆಯ ಪ್ರದರ್ಶನದಲ್ಲಿ ಮಾತುಗಳು ಬದಲಾಗಿದ್ದವು. ಹಗ್ಗ ಎಳೆಯುವವರ ಕೂಗು ತಾವು ಬಾಲ್ಯದಲ್ಲಿ ಗಂಗೊಳ್ಳಿಯ ಕಡಲತೀರದಲ್ಲಿ ಕೇಳಿದಂತೆ ಇರಲಿಲ್ಲ. ಇವು ಅವರ ಆಕ್ಷೇಪಗಳು. ಕನ್ನಡದಲ್ಲಿ ಒಳ್ಳೆಯ ನಾಟಕಗಳಿಗೆ ಬರವಿಲ್ಲದಿರುವಾಗ, ಬರೆಯಲು ಬಾರದವರ ಈ ಸಾಹಸಕ್ಕೆ ಎರಡು ಪುಟ ಏಕೆ ಎಂದೂ ಕೇಳಿದ್ದಾರೆ.

ಮಾನ್ಯರೇ, ನಾಟಕವನ್ನು ಎರಡನೆಯ ಸಲವೂ ಹೋಗಿ ನೋಡಿದ ಮೇಲೆ ತಾವು ಬರೆದಿದ್ದೀರಿ ಎಂಬುದಕ್ಕೆ ಮೊದಲು ನನ್ನ ಕೃತಜ್ಞತೆಗಳು. ಉಡುಪಿಯ ರಂಗಭೂಮಿ ಸಂಸ್ಥೆ ದಶಕಗಳಿಂದ ನಡೆಸುತ್ತ ಬಂದಿರುವ ನಾಟಕ ಸ್ಪರ್ಧೆಯ ಪ್ರೇಕ್ಷಕರಲ್ಲಿ ತಾವೂ ಒಬ್ಬರೆಂದು ಪತ್ರದಿಂದ ತಿಳಿಯಿತು. ಅಚ್ಚಾದ ಕೃತಿಯನ್ನು ಕೈಗೆತ್ತಿಕೊಂಡು ಅದರ ಒಂದೊಂದು ಮಾತಿಗೂ ಜೀವ ತುಂಬುವ ಕ್ರಮವನ್ನು ಅಲ್ಲಿ ಕಂಡವರಿಗೆ ಕರಪತ್ರದ ಆ ಖಾಲಿ ಜಾಗ ಕಣ್ಣಿಗೆ ಚುಚ್ಚುವುದು ಸಹಜವೇ.

ಲೇಖನಕ್ಕೆ ಮೊದಲು ನಾನು ಈ ತಂಡದ ಮೂರು ತಾಲೀಮುಗಳಿಗೆ ಹೋಗಿದ್ದೆ. ಉಡುಪಿಯ ಮೀನುಗಾರಿಕೆ ಬಂದರಾದ ಮಲ್ಪೆಯ ಹಿರಿಯರ ಮನೆಮನೆಗೆ ಹೋಗಿ ಕೇಳಿ ಬಂದದ್ದನ್ನು ಪ್ರತಿಯೊಬ್ಬರೂ ಮೊದಲು ಕಥೆಯಾಗಿ ಹೇಳುತ್ತಿದ್ದರು, ಆಮೇಲೆ ಅದನ್ನೇ ಅಭಿನಯಿಸುತ್ತಿದ್ದರು. ಬುಟ್ಟಿ ಹಿಡಿದು ಮರಳಿನ ಮೇಲೆ ಮೀನಿನ ಪಾಲಿಗಾಗಿ ಕಾಯುವ ಅಜ್ಜಿಯ ದೃಶ್ಯವನ್ನು ಒಬ್ಬ ಹುಡುಗಿ ಮೊದಲ ದಿನ ಹತ್ತು ನಿಮಿಷ ಮಾತಾಡಿ ತೋರಿಸಿದಳು. ಮೂರನೆಯ ತಾಲೀಮಿನ ಹೊತ್ತಿಗೆ ಆ ಮಾತುಗಳೆಲ್ಲ ಬಿದ್ದುಹೋಗಿ, ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸುವ ಚಲನೆಯೂ ಒಂದೇ ಒಂದು ವಾಕ್ಯವೂ ಉಳಿದಿದ್ದವು. ಬರೆಯುವವರು ಮೇಜಿನ ಮುಂದೆ ಕುಳಿತು ಹೊಡೆದುಹಾಕುವುದನ್ನು ಇವರು ನಿಂತುಕೊಂಡು, ಎಲ್ಲರೆದುರು ಹೊಡೆದುಹಾಕಿದ್ದಾರೆ. ಆ ವಾಕ್ಯ ಯಾರದು ಎಂದು ಕೇಳಿದರೆ ಹೇಳಿದ ಹುಡುಗಿ, ನೆನಪು ಕೊಟ್ಟ ಅಜ್ಜಿ, ಉಳಿದದ್ದು ಬೇಡ ಎಂದ ನಿರ್ದೇಶಕ, ಈ ಮೂವರಲ್ಲಿ ಯಾರನ್ನೂ ಬಿಡಲಾಗದು. ಆದ್ದರಿಂದಲೇ ಕರಪತ್ರದಲ್ಲಿ ತಂಡದ ಹೆಸರು ಮಾತ್ರ ಇದೆ. ಆದರೆ ನೆನಪು ಕೊಟ್ಟ ಹಿರಿಯರ ಹೆಸರುಗಳೂ ಅಲ್ಲಿ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅದನ್ನು ತಂಡಕ್ಕೆ ತಿಳಿಸಿದ್ದೇನೆ.

ಈ ಕ್ರಮ ಹೊಸದೇನಲ್ಲ. ಪ್ಯಾರಿಸ್ಸಿನಲ್ಲಿ 1964ರಲ್ಲಿ ಹುಟ್ಟಿದ ಥಿಯೇಟರ್ ದ್ಯು ಸೊಲೇಯ್ ತಂಡ ಫ್ರೆಂಚ್ ಕ್ರಾಂತಿಯನ್ನು ಕುರಿತ ತನ್ನ 1970ರ ನಾಟಕವನ್ನು ನಟರೆಲ್ಲ ಸೇರಿಯೇ ಕಟ್ಟಿತ್ತು. ಆದರೆ ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲ. ವೇಷ, ಕುಣಿತಗಳಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯ ಕೂಟದಲ್ಲಿ ಬರಹದಲ್ಲಿರುವುದು ಭಾಗವತರು ಹಾಡುವ ಪದ್ಯ ಮಾತ್ರ. ಅರ್ಥ, ಎಂದರೆ ಪಾತ್ರಗಳ ಮಾತೆಲ್ಲ, ಆ ರಾತ್ರಿ, ಆ ವೇದಿಕೆಯಲ್ಲಿ, ಎದುರಿನ ಅರ್ಥಧಾರಿಯ ಮಾತಿಗೆ ಉತ್ತರವಾಗಿ ಹುಟ್ಟಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಪಾತ್ರವನ್ನು ಜನ ಮತ್ತೆ ಮತ್ತೆ ಕೇಳಲು ಹೋಗುತ್ತಿದ್ದುದು ಅವರು ನಿನ್ನೆಯ ಮಾತನ್ನೇ ಇಂದೂ ಒಪ್ಪಿಸುತ್ತಾರೆಂದು ಅಲ್ಲವಲ್ಲ. ಎರಡನೆಯ ಪ್ರದರ್ಶನದಲ್ಲಿ ಮಾತು ಬದಲಾದದ್ದನ್ನು ಅಭ್ಯಾಸದ ಕೊರತೆ ಎಂದು ತಾವು ಎಣಿಸಿದಾಗ ನನಗೆ ನೆನಪಾದದ್ದು ಇದೇ.

ಆದರೂ ತಮ್ಮ ಅಸಮಾಧಾನದಲ್ಲಿ ನಾನು ಒಪ್ಪುವ ಅಂಶವೊಂದಿದೆ. ಅರ್ಥಧಾರಿ ಎಷ್ಟೇ ದೂರ ಹೋದರೂ ಮುಂದಿನ ಪದ್ಯ ಅವನನ್ನು ಪ್ರಸಂಗಕ್ಕೆ ಮರಳಿ ಕರೆಯುತ್ತದೆ. ಅವನ ಬೆನ್ನಿಗೆ ಪುರಾಣದ ಓದೂ ಇರುತ್ತದೆ. ಈ ಮಕ್ಕಳಿಗೆ ಅಂಥ ಪದ್ಯವಿಲ್ಲ. ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಮೀನಿನ ಹಿಂಡನ್ನು ಕಡಲಿನಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು, ದಡದಲ್ಲಿ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಮೂಲೆಗೆ ಸರಿದ ಕಥೆಗೆ ಬರುವಾಗ ನಾಟಕ ಸಡಿಲಾಗುತ್ತದೆ. ತಾನು ತಂದ ಕಥೆಯನ್ನು ಬಿಟ್ಟುಕೊಡಲು ಅಲ್ಲಿ ಯಾರಿಗೂ ಮನಸ್ಸಾಗಿಲ್ಲ; ಒಂದರ ಹಿಂದೆ ಒಂದು ಕಣ್ಣೀರಿನ ಪ್ರಸಂಗ ಬರುತ್ತದೆ, ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಮ್ಮ ಲೇಖನ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು. ಅಲ್ಲದೆ ಪ್ರದರ್ಶನಗಳು ಮುಗಿದ ಮೇಲೆ ಪಠ್ಯವನ್ನು ಬರೆದಿಡದಿದ್ದರೆ, ತಂಡದವರು ಉದ್ಯೋಗವೆಂದು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೊರಟ ದಿನವೇ ಈ ನಾಟಕ ಇಲ್ಲವಾಗುತ್ತದೆ. ಬರೆದಿಡುವುದಾಗಿ ಅವರು ಒಪ್ಪಿದ್ದಾರೆ.

ಇನ್ನು ಕೂಗಿನ ವಿಷಯ. ನಾಟಕದಲ್ಲಿರುವುದು ಮಲ್ಪೆಯ ಹಿರಿಯರಿಂದ ತುಳುವಿನಲ್ಲಿ ಕಲಿತದ್ದು. ಗಂಗೊಳ್ಳಿಯ ದಡದಲ್ಲಿ ಭಾಷೆ ಬೇರೆ, ಆದ್ದರಿಂದ ಕೂಗೂ ಬೇರೆ ಇದ್ದೀತು. ತಮ್ಮ ಪತ್ರದ ಈ ಭಾಗವನ್ನು ತಾಲೀಮಿನಲ್ಲಿ ಓದಿದಾಗ ಎಲ್ಲರೂ ಬಹಳ ಹೊತ್ತು ಅದನ್ನೇ ಮಾತಾಡಿದರು. ಅಚ್ಚಾದ ನಾಟಕದಲ್ಲಿ ತಮ್ಮ ನೆನಪಿಗೆ ಜಾಗ ಮಾಡಿಕೊಡುವುದು ಕಷ್ಟವಾಗುತ್ತಿತ್ತು. ಇಲ್ಲಿ ಅದಕ್ಕೆ ಇನ್ನೂ ಎಡೆಯಿದೆ. ತಾವು ಒಪ್ಪುವುದಾದರೆ ಒಂದು ಭಾನುವಾರ ತಂಡದ ನಾಲ್ವರು ಕುಂದಾಪುರಕ್ಕೆ ಬಂದು ತಮ್ಮಿಂದ ಆ ಕೂಗನ್ನು ಕೇಳಿ ಕಲಿಯಬೇಕೆಂದಿದ್ದಾರೆ. ಯಾವ ದಿನ ಅನುಕೂಲವೆಂದು ದಯವಿಟ್ಟು ತಿಳಿಸಿ.

ಸಂಪಾದಕ